ಚರ್ಮದ ದೂರನ್ನು ಕೇಳುವವರಾರು?

ಜ್ವರ ಬಂದವನನ್ನು ಲೋಕವು ಮರುಕದಿಂದ ನೋಡುತ್ತದೆ. ಕಾಲು ಮುರಿದವನಿಗೆ ಹೆಗಲು ಕೊಡುತ್ತದೆ. ತುರಿಕೆ ಹತ್ತಿದವನನ್ನು ಕಂಡರೆ ಮಾತ್ರ ನಗುತ್ತದೆ, ಇಲ್ಲವೆ ಒಂದು ಮಾರು ದೂರ ಸರಿದು ಕುಳಿತುಕೊಳ್ಳುತ್ತದೆ. ತುರಿಕೆಯಿಂದ ಯಾರೂ ಸಾಯುವುದಿಲ್ಲವೆಂಬುದು ಜನರ ಎಣಿಕೆ. ಸಾಯದಿರಬಹುದು, ಆದರೆ ರಾತ್ರಿಯೆಲ್ಲ ಕೆರೆದುಕೊಳ್ಳುತ್ತ ಬೆಳಕು ಹರಿಸಿದ ರೈತನು ಮರುದಿನ ಹೊಲದಲ್ಲಿ ನಿಲ್ಲಲಾರನು, ಅಂಗೈ ಸೀಳಿ ರಕ್ತ ಒಸರುವ ಗಾರೆಯ ಕೆಲಸಗಾರನು ಕರಣೆಯನ್ನು ಹಿಡಿಯಲಾರನು, ಮುಖವೆಲ್ಲ ದಡಿಕೆಯೆದ್ದ ಹುಡುಗಿಯು ಶಾಲೆಗೆ ಹೋಗಲೊಲ್ಲಳು. ದುಡಿಯುವವನ ಕೈಯನ್ನು ಕಟ್ಟಿಹಾಕುವ ವ್ಯಾಧಿಯನ್ನು ಕ್ಷುಲ್ಲಕವೆಂದು ಕರೆಯುವ ಅಧಿಕಾರವು ಯಾರಿಗೂ ಇಲ್ಲವೆಂದು ನಾವು ಭಾವಿಸುತ್ತೇವೆ. ಆದುದರಿಂದಲೇ, ರಾಜಕಾರಣದ ಗದ್ದಲದ ನಡುವೆ ಈ ದಿನ ನಮ್ಮ ಅಂಕಣವನ್ನು ಚರ್ಮದ ಅಲರ್ಜಿಯ ವಿಚಾರಕ್ಕೆ ಮೀಸಲಾಗಿರಿಸಿದ್ದೇವೆ.

ನಾವು ಹೇಳಬೇಕೆಂದಿರುವುದು ಒಂದೇ ಮಾತು. ಈ ವ್ಯಾಧಿಗೆ ಮೊದಲನೆಯ ಮದ್ದು ಮುಲಾಮಲ್ಲ, ಮೂಲದ ಅರಿವು. ಯಾವ ವಸ್ತುವಿನಿಂದ ಬಂದಿತೆಂಬುದು ತಿಳಿಯದೆ ಮಾಡುವ ಚಿಕಿತ್ಸೆಯು, ಕೊಳಾಯಿಯನ್ನು ನಿಲ್ಲಿಸದೆ ನೆಲವನ್ನು ಒರೆಸಿದಂತೆ ಕೊನೆಯಿಲ್ಲದ ಕೆಲಸ. ಆ ಮೂಲವನ್ನು ಅರಿಯುವ ಸಾಧನವು ವೈದ್ಯಶಾಸ್ತ್ರದಲ್ಲಿದೆ. ಆದರೆ ಯಾರಿಗೆ ಅದು ಎಲ್ಲರಿಗಿಂತ ಹೆಚ್ಚು ಬೇಕಾಗಿದೆಯೋ ಅವರ ಕೈಗೆ ಅದು ಎಟುಕುವುದಿಲ್ಲ.

ಅಲರ್ಜಿಯೆಂಬ ಹೆಸರನ್ನು ಸೃಷ್ಟಿಸಿದವನು ವಿಯೆನ್ನಾದ ವೈದ್ಯನಾದ ಕ್ಲೆಮೆನ್ಸ್ ಫಾನ್ ಪಿರ್ಕೆ. ಕಾಲವು 1906ನೆಯ ಇಸವಿ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಒಗ್ಗದಿರುವುದು, ನಂಜು, ಪಿತ್ತ, ರಕ್ತ ಕೆಟ್ಟದ್ದು ಎಂದು ನಾನಾ ಹೆಸರುಗಳಿವೆ. ಇವುಗಳಲ್ಲಿ ‘ಒಗ್ಗದಿರುವುದು’ ಎಂಬ ಮಾತೇ ಸತ್ಯಕ್ಕೆ ಸಮೀಪವಾದುದು. ದೇಹದ ರಕ್ಷಣಾವ್ಯವಸ್ಥೆಯು ರೋಗಾಣುಗಳನ್ನು ಹೊಡೆದಟ್ಟಲು ಇರುವ ಕಾವಲು. ಈ ಕಾವಲು ಕೆಲವೊಮ್ಮೆ ನಿರುಪದ್ರವಿಯಾದ ದಾರಿಹೋಕನನ್ನೇ ಕಳ್ಳನೆಂದು ಬಗೆದು ಹೊಡೆದಾಟಕ್ಕೆ ಇಳಿಯುತ್ತದೆ. ಆ ಹೊಡೆದಾಟದಲ್ಲಿ ಪೆಟ್ಟು ತಿನ್ನುವುದು ಮನೆಯೇ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಒಂದು ವಸ್ತುವು ಮೊದಲ ಸಲ ಮೈಗೆ ತಾಕಿದಾಗ ಏನೂ ಆಗುವುದಿಲ್ಲ. ದೇಹವು ಅದರ ಗುರುತನ್ನು ಒಳಗೊಳಗೇ ಬರೆದುಕೊಳ್ಳುತ್ತದೆ. ಈ ಬರಹ ಮುಗಿಯಲು ಕೆಲವರಿಗೆ ಹತ್ತು ಹದಿನೈದು ದಿನ, ಕೆಲವರಿಗೆ ಹತ್ತು ಹದಿನೈದು ವರ್ಷ. ಒಮ್ಮೆ ಮುಗಿಯಿತೆಂದರೆ ಆಮೇಲೆ ಅದೇ ವಸ್ತುವಿನ ಎಳ್ಳಷ್ಟು ಸೋಂಕೂ ಸಾಕು. ಒಂದೆರಡು ದಿನಗಳಲ್ಲಿ ಮೈ ಕೆಂಪಾಗಿ, ಗುಳ್ಳೆಯೆದ್ದು, ನೀರು ಒಸರಿ, ಹಕ್ಕಳೆ ಕಟ್ಟುತ್ತದೆ.

‘ಇಪ್ಪತ್ತು ವರ್ಷದಿಂದ ಇದನ್ನೇ ಮುಟ್ಟುತ್ತಿದ್ದೇನೆ, ಈಗೇನು ಹೊಸದಾಗಿ ಒಗ್ಗದಿರುವುದು?’ ಎಂದು ರೋಗಿಯು ಕೇಳುತ್ತಾನೆ. ಇಪ್ಪತ್ತು ವರ್ಷ ಮುಟ್ಟಿದ್ದರಿಂದಲೇ ಆಗಿದೆಯೆಂಬುದು ಉತ್ತರ. ಅಪರಾಧಿಯು ಹಳೆಯ ಸ್ನೇಹಿತನಾದುದರಿಂದ ಅವನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ; ಬದಲಾಗಿ ಬದನೆಕಾಯಿಯ ಮೇಲೆ ಬರುತ್ತದೆ. ನಂಜೆಂದು ಹೆದರಿ ಬದನೆ, ಕುಂಬಳ, ಮೀನು, ಮೊಟ್ಟೆಗಳನ್ನು ಒಂದೊಂದಾಗಿ ಬಿಟ್ಟು ಬಡವನು ಇನ್ನಷ್ಟು ಬಡಕಲಾಗುತ್ತಾನೆಯೇ ಹೊರತು ತುರಿಕೆಯು ಬಿಡುವುದಿಲ್ಲ. ಪ್ರಾಯದವರ ಕೈಯ ಮೇಲೋ ಮುಖದ ಮೇಲೋ ತಿಂಗಳುಗಟ್ಟಲೆ ನಿಂತ ಇಸುಬಿಗೆ ತಿಂದ ವಸ್ತುವಿಗಿಂತ ಮುಟ್ಟಿದ ವಸ್ತುವೇ ಕಾರಣವಾಗಿರುವುದು ಹೆಚ್ಚು.

ತಿಂದದ್ದರಿಂದ, ನುಂಗಿದ ಔಷಧದಿಂದ, ಕೀಟ ಕಚ್ಚಿದ್ದರಿಂದ ಬರುವುದು ಬಹುಮಟ್ಟಿಗೆ ಬೇರೆಯ ಜಾತಿಯದು. ಜನರು ಅದನ್ನು ಪಿತ್ತದ ಗಂಧೆಯೆನ್ನುತ್ತಾರೆ. ಅದು ನಿಮಿಷಗಳಲ್ಲಿ ದದ್ದು ದದ್ದಾಗಿ ಏಳುತ್ತದೆ. ಒಂದು ಕಡೆ ಅಡಗಿ ಇನ್ನೊಂದು ಕಡೆ ಮೂಡುತ್ತದೆ. ಒಂದೊಂದು ದದ್ದೂ ಸಾಮಾನ್ಯವಾಗಿ ಒಂದು ದಿನದೊಳಗೆ ಗುರುತಿಲ್ಲದೆ ಹೋಗುತ್ತದೆ. ಇದರ ಜೊತೆಗೆ ತುಟಿ ನಾಲಗೆಗಳು ಬಾತುಕೊಂಡರೆ, ದನಿ ಕಟ್ಟಿದರೆ, ಉಸಿರು ಸಿಕ್ಕಿಕೊಂಡರೆ, ತಲೆ ತಿರುಗಿ ಬಿದ್ದರೆ ಅದು ತುರಿಕೆಯ ಮಾತಲ್ಲ, ಪ್ರಾಣದ ಮಾತು. ಅಂಥ ಹೊತ್ತಿನಲ್ಲಿ ಅರಿಸಿನವನ್ನು ತೇಯುತ್ತ ಕೂಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸತಕ್ಕದ್ದು. ತೊಡೆಯ ಸ್ನಾಯುವಿಗೆ ಆಗಲೇ ಚುಚ್ಚುವ ಅಡ್ರಿನಲಿನ್ ಮದ್ದು ಜೀವವನ್ನು ಉಳಿಸುತ್ತದೆ. ಜೇನುನೊಣದ ಕಡಿತವಿರಲಿ, ನೋವಿನ ಮಾತ್ರೆಯಿರಲಿ, ಒಮ್ಮೆ ಹೀಗೆ ಮಾಡಿದ ವಸ್ತುವಿನ ಹೆಸರನ್ನು ಬರೆದಿಟ್ಟುಕೊಂಡು, ಕಂಡ ಪ್ರತಿಯೊಬ್ಬ ವೈದ್ಯರಿಗೂ ತಿಳಿಸುವುದು ರೋಗಿಯ ಕರ್ತವ್ಯ.

ಇನ್ನು ಮುಟ್ಟುವುದರಿಂದ ಬರುವ ಅಲರ್ಜಿಗೆ ಬರೋಣ. ಚರ್ಮವು ಮೂಕವಲ್ಲ, ಅದು ತನ್ನ ದೂರನ್ನು ಸ್ಥಳದ ಭಾಷೆಯಲ್ಲಿ ಹೇಳುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಬೀಡುಬಿಟ್ಟಿದ್ದ ಅಮೆರಿಕೆಯ ಸೈನಿಕರಿಗೆ ಕತ್ತಿನ ಹಿಂಬದಿಯಲ್ಲಿಯೂ ಸೊಂಟದಲ್ಲಿಯೂ ಅಂಗೈಯಗಲದ ಗುಳ್ಳೆಗಳು ಏಳತೊಡಗಿದವು. ಮೈಯೆಲ್ಲವನ್ನೂ ಬಿಟ್ಟು ಅಲ್ಲಿಯೇ ಏಕೆ ಎಂದು ಅವರ ವೈದ್ಯರು ವಿಚಾರಿಸಿದರು. ಅಂಗಿಯ ಕೊರಳಪಟ್ಟಿಯಲ್ಲಿಯೂ ಷರಾಯಿಯ ನಡುಪಟ್ಟಿಯಲ್ಲಿಯೂ ಅಗಸನು ಕೇರಿನ ಕಾಯಿಯ ರಸದಿಂದ ಗುರುತು ಹಾಕಿದ್ದನು. ಗುರುತು ತಾಕಿದಲ್ಲಿ ಗುಳ್ಳೆಯೆದ್ದಿತ್ತು. ಈ ವೃತ್ತಾಂತವು 1943ರಲ್ಲಿ ಅಮೆರಿಕೆಯ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು.

ಹಾಗೆಯೇ ಪ್ರತಿಯೊಬ್ಬರೂ ತಮ್ಮ ಮೈಯ ನಕ್ಷೆಯನ್ನು ಓದಿಕೊಳ್ಳಬಹುದು. ಹುಬ್ಬುಗಳ ನಡುವೆ ದುಂಡಗೆ ತುರಿಕೆಯೆದ್ದು, ಬರಬರುತ್ತ ಬಣ್ಣವೇ ಮಾಸಿ ಬಿಳುಪಾದರೆ, ಅಂಟಿಸುವ ಬಿಂದಿಯ ಅಂಟನ್ನು ಸಂಶಯಿಸಬೇಕು. ಕಿವಿಯ ಹಾಲೆ, ಕೊರಳು, ಮಣಿಕಟ್ಟು, ಹೊಕ್ಕುಳ ಕೆಳಗೆ ಸೊಂಟದ ಗುಂಡಿ ತಾಕುವ ಜಾಗ, ಇವುಗಳಲ್ಲಿ ಕೆರೆತವಿದ್ದರೆ ಅಗ್ಗದ ಒಡವೆ ಮತ್ತು ಲೋಹದ ಗುಂಡಿಗಳಲ್ಲಿರುವ ನಿಕ್ಕಲ್ ಧಾತುವೇ ಕಾರಣವಾಗಿರಬಹುದು. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಯು ಇಲ್ಲಿ ಅಕ್ಷರಶಃ ನಿಜ. ತಲೆಗೆ ಬಣ್ಣ ಹಚ್ಚಿದ ಎರಡನೆಯ ದಿನ ರೆಪ್ಪೆಗಳು ಊದಿ, ಕಿವಿಯ ಮೇಲುಭಾಗವೂ ಹಣೆಯ ಅಂಚೂ ಉರಿದರೆ, ಆ ಬಣ್ಣದಲ್ಲಿರುವ ಪ್ಯಾರಾಫಿನಿಲೀನ್ ಡಯಮೀನ್ ಎಂಬ ರಾಸಾಯನಿಕವನ್ನು ಹಿಡಿಯಬೇಕು. ಮದುವೆ ಮನೆಗಳಲ್ಲಿ ಬೇಗ ಕಪ್ಪಾಗಲೆಂದು ಮೆಹಂದಿಗೆ ಬೆರೆಸುವುದೂ ಅದನ್ನೇ. ನಮ್ಮ ಅಜ್ಜಿಯರು ಅರೆದು ಹಚ್ಚುತ್ತಿದ್ದ ಗೋರಂಟಿಯ ಮೇಲೆ ಆ ಅಪವಾದವನ್ನು ಹೊರಿಸುವುದು ಸಲ್ಲದು. ಪಾದದ ಮೇಲೆ ಚಪ್ಪಲಿಯ ಪಟ್ಟಿಯ ಆಕಾರವೇ ಮೂಡಿದರೆ ರಬ್ಬರಿನ ಮೇಲೆ ಬೆರಳು ತೋರಿಸಬೇಕು. ಬಲಗೈಯಲ್ಲಿ ಚಾಕು ಹಿಡಿಯುವ ಗೃಹಿಣಿಯ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿಗಳು ಮಾತ್ರ ಒಣಗಿ ಸೀಳಿದರೆ, ಆ ಬೆರಳುಗಳು ಹಿಡಿದುಕೊಂಡ ಬೆಳ್ಳುಳ್ಳಿಯನ್ನು ಮರೆಯಬಾರದು.

ಈ ಬಗೆಯ ತಿಳಿವಳಿಕೆಯು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮಾವಿನ ಕಾಯಿಯನ್ನು ಕಿತ್ತಾಗ ಚಿಮ್ಮುವ ಸೊನೆ ತುಟಿಗೆ ತಾಕಿದರೆ ಹುಣ್ಣಾಗುತ್ತದೆಂಬುದನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಕೇರಿನ ಮರದ ಕೆಳಗೆ ಮಳೆಗೆ ನಿಲ್ಲಬಾರದೆಂದು ಮಲೆನಾಡಿನ ಹಿರಿಯರು ಹೇಳುತ್ತಾರೆ. ಗೇರುಬೀಜದ ಸಿಪ್ಪೆಯ ಎಣ್ಣೆ ಕೈ ಸುಡುತ್ತದೆಂಬುದು ಕರಾವಳಿಯ ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಹೆಂಗಸರಿಗೆ ಪುಸ್ತಕ ಓದದೆಯೇ ಗೊತ್ತು. ಮಾವು, ಕೇರು, ಗೇರು ಮೂರೂ ಒಂದೇ ಕುಲದ ಮರಗಳೆಂದೂ, ಅವುಗಳ ರಸದಲ್ಲಿರುವ ಉರಿವ ವಸ್ತುಗಳು ಒಂದಕ್ಕೊಂದು ದಾಯಾದಿಗಳೆಂದೂ, ಒಂದಕ್ಕೆ ಒಗ್ಗದವನಿಗೆ ಇನ್ನೊಂದೂ ಒಗ್ಗದಿರಬಹುದೆಂದೂ ವಿಜ್ಞಾನವು ಆಮೇಲೆ ಹೇಳಿತು. ಹಳೆಯ ಗಿಡಮರಗಳ ವಿಷಯದಲ್ಲಿ ಇಷ್ಟು ಚುರುಕಾಗಿದ್ದ ನಮ್ಮ ಲೋಕಾನುಭವವು, ಹೊಸ ಕಾಲವು ತಂದೊಡ್ಡಿದ ವಸ್ತುಗಳ ಮುಂದೆ ಕಕ್ಕಾಬಿಕ್ಕಿಯಾಗಿದೆ. ಅಂಥ ಎರಡು ವಸ್ತುಗಳ ವಿಚಾರವನ್ನು ನಾವು ವಿಶೇಷವಾಗಿ ಎತ್ತಿ ಹೇಳಬಯಸುತ್ತೇವೆ. ಒಂದು ಹೊಲದ ಬದುವಿನಲ್ಲಿದೆ. ಇನ್ನೊಂದು ಗಾರೆಯ ಬಾಂಡಲಿಯಲ್ಲಿದೆ.

ಬದುವಿನಲ್ಲಿರುವುದು ಪಾರ್ಥೇನಿಯಂ. ನಮ್ಮ ಜನರು ಇದನ್ನು ಕಾಂಗ್ರೆಸ್ ಗಿಡವೆನ್ನುತ್ತಾರೆ. ಅದರ ಬಿಳಿಯ ಹೂವು ಗಾಂಧಿ ಟೋಪಿಯನ್ನು ನೆನಪಿಗೆ ತಂದುದರಿಂದ ಆ ಹೆಸರು ಬಂದಿತೆಂದು ಹೇಳುವವರಿದ್ದಾರೆ. ಇದರ ತವರು ಅಮೆರಿಕಾ ಖಂಡ. 1950ರ ದಶಕದಲ್ಲಿ ಪುಣೆಯ ಸುತ್ತ ಇದು ಜನರ ಕಣ್ಣಿಗೆ ಬಿದ್ದಿತು. ಆಮದಾದ ಗೋಧಿಯೊಡನೆ ಬಂದಿತೆಂಬುದು ವ್ಯಾಪಕವಾದ ನಂಬಿಕೆ. ಕೆಲವೇ ವರ್ಷಗಳಲ್ಲಿ ಅದು ರಸ್ತೆಯ ಅಂಚು, ರೈಲಿನ ಹಾದಿ, ಬೀಳುಬಿಟ್ಟ ನಿವೇಶನ, ಶಾಲೆಯ ಬಯಲುಗಳನ್ನೆಲ್ಲ ಆಕ್ರಮಿಸಿಕೊಂಡಿತು. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಹಿತ್ತಲ ಗಿಡವೇ ರೋಗ.

ಈ ಗಿಡದ ಎಲೆ, ಕಾಂಡ, ಹೂಗಳ ಮೇಲಿರುವ ಸಣ್ಣ ರೋಮಗಳಲ್ಲಿ ಪಾರ್ಥೇನಿನ್ ಎಂಬ ವಸ್ತುವಿದೆ. ಗಿಡವು ಒಣಗಿ ಪುಡಿಯಾದಾಗ ಅದು ಗಾಳಿಯಲ್ಲಿ ಹಾರಾಡುತ್ತದೆ. ಆದುದರಿಂದ ಗಿಡವನ್ನು ಕೈಯಿಂದ ಮುಟ್ಟದವನಿಗೂ ಇದು ತಗಲುತ್ತದೆ. ಮುಖ, ರೆಪ್ಪೆ, ಕತ್ತು, ಮೊಳಕೈ ಮೊಳಕಾಲುಗಳ ಮಡಿಕೆ, ಎಂದರೆ ಬಟ್ಟೆ ಮುಚ್ಚದ ಜಾಗಗಳೂ ಧೂಳು ಬೆವರಿನೊಡನೆ ನಿಲ್ಲುವ ಜಾಗಗಳೂ ಮೊದಲು ಕೆಂಪಾಗಿ, ಕ್ರಮೇಣ ಕಪ್ಪಾಗಿ ಒರಟಾಗಿ ದಪ್ಪವಾಗುತ್ತವೆ. ಬಿಸಿಲಿನಿಂದಾಯಿತೆಂದು ಬಹಳ ಮಂದಿ ತಪ್ಪು ತಿಳಿಯುತ್ತಾರೆ. ಬಿಸಿಲಿನ ಉರಿಯು ಮೇಲಿನ ರೆಪ್ಪೆ, ಗದ್ದದ ಕೆಳಗು, ಕಿವಿಯ ಹಿಂಬದಿಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಗಾಳಿಯ ಧೂಳು ಅವನ್ನೂ ಬಿಡುವುದಿಲ್ಲ. ಮೊದಲ ವರ್ಷಗಳಲ್ಲಿ ಗಿಡವು ಸೊಂಪಾಗಿರುವ ಕಾಲದಲ್ಲಿ ಮಾತ್ರ ಬಂದು ಚಳಿಗಾಲದಲ್ಲಿ ಇಳಿಯುವ ಈ ವ್ಯಾಧಿಯು, ಅಲಕ್ಷಿಸಿದರೆ ವರ್ಷವಿಡೀ ನೆಲೆಸುತ್ತದೆ. ಮುಂದೆ ಕೆಲವರಿಗೆ ಬಿಸಿಲನ್ನೇ ಸಹಿಸಲಾಗದಂತೆ ಮಾಡುತ್ತದೆ. ಬಿಸಿಲಿಗೆ ಹೋಗಲಾಗದ ಒಕ್ಕಲಿಗನ ಬಾಳು ಹೇಗಿರುತ್ತದೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಪಾರ್ಥೇನಿಯಂ ಸೇವಂತಿಗೆಯ ಕುಲಕ್ಕೆ ಸೇರಿದ್ದು. ಒಮ್ಮೆ ಇದು ಒಗ್ಗದೆ ಹೋದವನಿಗೆ ಸೇವಂತಿಗೆಯ ಹಾರವೂ ತುರಿಕೆ ತರಬಹುದು.

ಕರ್ನಾಟಕ ಸರಕಾರವು 1975ರಲ್ಲಿಯೇ ಈ ಗಿಡವನ್ನು ಹಾನಿಕರವಾದ ಕಳೆಯೆಂದು ಘೋಷಿಸಿತು. ಇದನ್ನು ತಿನ್ನುವ ದುಂಬಿಯನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ದುಂಬಿಯು ಮಳೆಗಾಲದಲ್ಲಿ ತನ್ನ ಪಾಲಿನ ಕೆಲಸವನ್ನು ಮಾಡುತ್ತಿದೆ, ಮನುಷ್ಯರು ಮಾಡುತ್ತಿರುವರೇ? ಘೋಷಣೆಯಾಗಿ ಅರ್ಧ ಶತಮಾನವೇ ಕಳೆದಿದೆ. ಕಾಗದದ ಮೇಲೆ ಹಾನಿಕರವೆನಿಸಿಕೊಂಡ ಗಿಡವು ಸರಕಾರಿ ಕಚೇರಿಗಳ ಆವರಣದಲ್ಲಿಯೇ ಎದೆಮಟ್ಟ ಬೆಳೆದು ನಿಂತಿರುವುದನ್ನು ಯಾರು ಕಂಡಿಲ್ಲ? ಕೀಳುವಾಗಲಾದರೂ ಹೂ ಬಿಡುವ ಮೊದಲು ಕೀಳುವುದಿಲ್ಲ. ಹೂ ತುಂಬಿ ಬೀಜವಾದ ಮೇಲೆ, ಕೂಲಿಯ ಹೆಂಗಸರಿಂದ ಬರಿಗೈಯಲ್ಲಿ ಕೀಳಿಸುತ್ತಾರೆ. ಕಳೆಯೊಂದನ್ನು ತೆಗೆಯಲು ಹೋಗಿ ಹತ್ತು ರೋಗಿಗಳನ್ನು ಸೃಷ್ಟಿಸುವ ಈ ಪದ್ಧತಿಯನ್ನು ನಾವು ಖಂಡಿಸುತ್ತೇವೆ.

ಎರಡನೆಯದು ಸಿಮೆಂಟು. ಅದರ ಸುಣ್ಣದ ಖಾರವು ಕೈಯನ್ನು ತಿನ್ನುವುದು ಒಂದು ಬಗೆ. ಯಾರ ಕೈಯಾದರೂ ಅದರಿಂದ ಕೆಡುತ್ತದೆ. ಆದರೆ ಅದರಲ್ಲಿರುವ, ನೀರಿನಲ್ಲಿ ಕರಗುವ ಕ್ರೋಮಿಯಂ ಲವಣವು ತರುವುದು ನಿಜವಾದ ಅಲರ್ಜಿ. ಒಮ್ಮೆ ಹತ್ತಿತೆಂದರೆ ಗಾರೆಯ ಕೆಲಸವನ್ನೇ ಬಿಟ್ಟ ಮೇಲೆಯೂ ವರ್ಷಗಟ್ಟಲೆ ಕಾಡುತ್ತದೆ. ಕ್ರೋಮಿಯಂನಿಂದ ಹದಮಾಡಿದ ಚರ್ಮದ ಜೋಡು ಮೆಟ್ಟಿದರೆ ಪಾದಕ್ಕೂ ಇಳಿಯುತ್ತದೆ. ಇದಕ್ಕೆ ಉಪಾಯವಿಲ್ಲವೆ? ಇದೆ. ಡೆನ್ಮಾರ್ಕ್ ದೇಶವು 1980ರ ದಶಕದ ಆರಂಭದಲ್ಲಿಯೇ ಸಿಮೆಂಟಿಗೆ ಫೆರಸ್ ಸಲ್ಫೇಟನ್ನು, ಎಂದರೆ ನಮ್ಮ ಅಂಗಡಿಗಳ ಅನ್ನಭೇದಿಯನ್ನು, ಬೆರೆಸತೊಡಗಿತು. ಅದು ಕ್ರೋಮಿಯಂನ ಹಲ್ಲನ್ನು ಕೀಳುತ್ತದೆ. ಅಲ್ಲಿಯ ಕೆಲಸಗಾರರಲ್ಲಿ ಈ ವ್ಯಾಧಿಯು ಬಹಳ ಇಳಿದುದನ್ನು ಕಂಡು, 2005ರಿಂದ ಯೂರೋಪಿನ ಒಕ್ಕೂಟವೆಲ್ಲವೂ ಸಿಮೆಂಟಿನ ಹತ್ತು ಲಕ್ಷ ಭಾಗಕ್ಕೆ ಇಂಥ ಕ್ರೋಮಿಯಂ 2 ಭಾಗವನ್ನು ಮೀರಕೂಡದೆಂದು ವಿಧಿಸಿತು. ಅಲ್ಲಿಯ ಗಾರೆಯವನ ಅಂಗೈ ಅಂಗೈಯಾದರೆ, ರಾಯಚೂರಿನಿಂದಲೋ ಕಲಬುರಗಿಯಿಂದಲೋ ಬೆಂಗಳೂರಿಗೆ ಗುಳೆ ಬಂದು ಮಾಳಿಗೆಗಳನ್ನು ಕಟ್ಟುವವನ ಅಂಗೈ ಅಂಗೈಯಲ್ಲವೆ?

ಮೂಲವನ್ನು ಹುಡುಕದೆ ಹೋದವರು ಎಲ್ಲಿ ಮುಟ್ಟುತ್ತಾರೆಂಬುದನ್ನೂ ನೋಡಬೇಕು. ಔಷಧದ ಅಂಗಡಿಗೆ ಹೋಗಿ ‘ತುರಿಕೆಗೆ ಒಂದು ಟ್ಯೂಬು ಕೊಡಿ’ ಎನ್ನುತ್ತಾರೆ. ಅವನು ಕೊಡುವುದರಲ್ಲಿ ಬಹುಮಟ್ಟಿಗೆ ಪ್ರಬಲವಾದ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಎರಡು ದಿನದಲ್ಲಿ ಕೆಂಪು ಅಡಗಿ ಹಿತವಾಗುತ್ತದೆ. ಬಿಟ್ಟರೆ ಇಮ್ಮಡಿಯಾಗಿ ಮರಳುತ್ತದೆ. ತಿಂಗಳುಗಟ್ಟಲೆ ಹಚ್ಚಿದ ಮುಖದ ಚರ್ಮವು ಹಾಳೆಯಂತೆ ತೆಳುವಾಗಿ, ರಕ್ತನಾಳಗಳು ಗೆರೆಗೆರೆಯಾಗಿ ಕಾಣುತ್ತವೆ. ಬಂದದ್ದು ಅಲರ್ಜಿಯಾಗಿರದೆ ಗಜಕರ್ಣವಾಗಿದ್ದರಂತೂ ಈ ಮುಲಾಮು ಅದಕ್ಕೆ ಗೊಬ್ಬರವಾಗುತ್ತದೆ. ವೈದ್ಯರ ತೂಕದಲ್ಲಿ ಅಮೃತವಾದುದು ಅಂಗಡಿಯ ತೂಕದಲ್ಲಿ ವಿಷವಾಗುವುದು ಹೀಗೆ. ಗಾಯಕ್ಕೆ ಹಚ್ಚುವ ನಿಯೋಮೈಸಿನ್‌ನಂಥ ಕೆಲವು ಔಷಧಗಳು ತಾವೇ ಅಲರ್ಜಿಯನ್ನು ತರುವುದೂ ಉಂಟು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಕೇಂದ್ರ ಸರಕಾರವು 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ನಿಯಮವು ಒಳ್ಳೆಯದು, ಅದನ್ನು ಆಚರಣೆಗೆ ತರುವವರು ಎಲ್ಲಿದ್ದಾರೆಂಬುದೇ ನಮ್ಮ ಪ್ರಶ್ನೆ.

ಮೂಲವನ್ನು ಕಂಡುಹಿಡಿಯುವ ಪರೀಕ್ಷೆಯು ಬೆರಗಿನದೂ ಅಲ್ಲ, ಬಹಳ ದುಬಾರಿಯೂ ಅಲ್ಲ. 1895ರಲ್ಲಿ ಯೋಸೆಫ್ ಯಾಡಾಸೋನ್ ಎಂಬ ವೈದ್ಯನು ಇದನ್ನು ಲೋಕದ ಮುಂದಿಟ್ಟನು. ಸಂಶಯಾಸ್ಪದವಾದ ವಸ್ತುಗಳ ಅಲ್ಪಾಂಶವನ್ನು ಪುಟ್ಟ ಪಟ್ಟಿಗಳಲ್ಲಿ ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುವುದು. ಮತ್ತೆ ಒಂದೆರಡು ದಿನ ಕಳೆದು ಇನ್ನೊಮ್ಮೆ ನೋಡುವುದು. ಎಲ್ಲಿ ಕೆಂಪಾಗಿ ಉಬ್ಬಿತೋ ಅಲ್ಲಿ ಅಪರಾಧಿ. ಭಾರತದ ಜನರು ಹೆಚ್ಚಾಗಿ ಮುಟ್ಟುವ ವಸ್ತುಗಳನ್ನೇ ಆರಿಸಿದ, ಪಾರ್ಥೇನಿಯಂನ್ನೂ ಒಳಗೊಂಡ ಒಂದು ಪಟ್ಟಿಮಾಲೆಯನ್ನು ನಮ್ಮ ದೇಶದ ಚರ್ಮವೈದ್ಯರೇ ಸಿದ್ಧಪಡಿಸಿದ್ದಾರೆ. ಆದರೆ ಇದು ದೊರೆಯುವುದು ಬಹುಮಟ್ಟಿಗೆ ದೊಡ್ಡ ಪಟ್ಟಣಗಳ ದೊಡ್ಡ ಆಸ್ಪತ್ರೆಗಳಲ್ಲಿ. ಒಂದೇ ವಾರದಲ್ಲಿ ಎರಡು ಮೂರು ಸಲ ಬಂದು ಹೋಗಬೇಕಾದ ಪರೀಕ್ಷೆಗೆ ದಿನಗೂಲಿಯವನು ನೂರು ಮೈಲಿ ದೂರದಿಂದ ಹೇಗೆ ಬಂದಾನು?

ಕಾನೂನಿನ ಮಾತನ್ನೂ ಆಡಿಬಿಡೋಣ. ರಾಸಾಯನಿಕಗಳ ಮತ್ತು ಬಣ್ಣಗಳ ಸಂಪರ್ಕದಿಂದ ಬರುವ ಚರ್ಮರೋಗಕ್ಕೆ 1948ರ ಕಾರ್ಖಾನೆಗಳ ಕಾಯ್ದೆಯು, ಅಧಿಕಾರಿಗಳಿಗೆ ವರದಿಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸ್ಥಾನ ಕೊಟ್ಟಿತ್ತು; 2020ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಗಿಡ ಕೀಳುವ ಕೂಲಿಯವಳಿಗೆ, ಮನೆಮನೆಯ ಪಾತ್ರೆ ತೊಳೆಯುವವಳಿಗೆ, ಕ್ಷೌರದಂಗಡಿಯಲ್ಲಿ ಬಣ್ಣ ಹಚ್ಚುವ ಹುಡುಗನಿಗೆ, ಮೇಸ್ತ್ರಿಯ ಕೆಳಗೆ ಗಾರೆ ಕಲಸುವವನಿಗೆ ರೋಗ ಬಂದರೆ ವರದಿ ಮಾಡುವ ಧಣಿ ಯಾರು? ವರದಿಯಾಗದ ರೋಗವು ಲೆಕ್ಕಕ್ಕೆ ಬರುವುದಿಲ್ಲ; ಲೆಕ್ಕಕ್ಕೆ ಬಾರದ್ದಕ್ಕೆ ಹಣ ಮಂಜೂರಾಗುವುದಿಲ್ಲ.

ಆದುದರಿಂದ ನಮ್ಮ ಒತ್ತಾಯಗಳು ಇವು. ಮೊದಲನೆಯದಾಗಿ, ಪ್ರತಿಯೊಂದು ಜಿಲ್ಲಾಸ್ಪತ್ರೆಯಲ್ಲಿಯೂ ವಾರಕ್ಕೆ ನಿಯತವಾದ ದಿನಗಳಲ್ಲಿ ಈ ಪಟ್ಟಿಯ ಪರೀಕ್ಷೆಯು ಬಡವರಿಗೆ ಉಚಿತವಾಗಿ ನಡೆಯಬೇಕು. ಎರಡನೆಯದಾಗಿ, ಸಿಮೆಂಟಿನ ಕ್ರೋಮಿಯಂಗೆ ಯೂರೋಪಿನಂಥ ಮಿತಿಯನ್ನು ನಮ್ಮ ದೇಶದಲ್ಲಿಯೂ ಕಟ್ಟುನಿಟ್ಟಾಗಿ ಆಚರಿಸಬೇಕು. ಕಟ್ಟಡದ ಗುತ್ತಿಗೆದಾರನು ಕೈಗವಸುಗಳನ್ನೂ ತೊಳೆದುಕೊಳ್ಳಲು ನೀರನ್ನೂ ಒದಗಿಸದೆ ಕೆಲಸ ಮಾಡಿಸಕೂಡದು. ಮೂರನೆಯದಾಗಿ, ಸ್ಥಳೀಯ ಸಂಸ್ಥೆಗಳು ಪಾರ್ಥೇನಿಯಂನ್ನು ಮಳೆಗಾಲದ ಮೊದಲ ವಾರಗಳಲ್ಲಿಯೇ, ಹೂ ಬಿಡುವ ಮುನ್ನ, ಮೈಕೈ ಮುಚ್ಚುವ ಉಡುಪು ಕೊಟ್ಟು ತೆಗೆಸಬೇಕು. ಚರ್ಮದ ತೊಂದರೆಯಿರುವವರನ್ನು ಆ ಕೆಲಸಕ್ಕೆ ಹಚ್ಚಕೂಡದು. ನಾಲ್ಕನೆಯದಾಗಿ, ತಲೆಯ ಬಣ್ಣ, ಮೆಹಂದಿ, ಬಿಂದಿ, ಸೋಪುಗಳ ಪೊಟ್ಟಣಗಳ ಮೇಲೆ ಒಳಗಿರುವ ವಸ್ತುಗಳ ಹೆಸರೂ ಎಚ್ಚರಿಕೆಯ ಮಾತೂ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇರಬೇಕು. ಓದಲಾಗದ ಎಚ್ಚರಿಕೆಯು ಎಚ್ಚರಿಕೆಯಲ್ಲ.

ಸರಕಾರದ ಮೇಲೆ ಹೊರೆ ಹೊರಿಸಿ ನಾವು ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ತುರಿಕೆಯೆಲ್ಲವೂ ಅಲರ್ಜಿಯಲ್ಲವೆಂಬುದನ್ನು ಜನರು ಅರಿಯಬೇಕು. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಬಂದು, ಬೆರಳುಗಳ ಸಂದಿಯಲ್ಲಿ ಕಾಣಿಸಿ, ರಾತ್ರಿ ಹೆಚ್ಚಾದರೆ ಅದು ಕಜ್ಜಿ. ದುಂಡಗೆ ಅಂಚುಗಟ್ಟಿ ಹಬ್ಬಿದರೆ ಅದು ಗಜಕರ್ಣ. ಇವೆರಡೂ ಹರಡುವ ರೋಗಗಳು, ವಾಸಿಯಾಗುವ ರೋಗಗಳು. ಅಲರ್ಜಿಯು ಒಬ್ಬರಿಂದ ಒಬ್ಬರಿಗೆ ಅಂಟುವುದೇ ಇಲ್ಲ. ಹಾಗಿರುವಾಗ ಇಸುಬಿನ ಹುಡುಗಿಗೆ ಸಂಬಂಧ ಕೂಡದೆ ಹೋಗುವುದೂ, ಕೈ ಒಡೆದ ಅಡಿಗೆಯವಳನ್ನು ಕೆಲಸದಿಂದ ಬಿಡಿಸುವುದೂ ಅಜ್ಞಾನದ ಕ್ರೌರ್ಯವಲ್ಲದೆ ಮತ್ತೇನು? ರೋಗಿಯಾದವನು ಒಂದು ಸಣ್ಣ ಪುಸ್ತಕವನ್ನು ಇಟ್ಟುಕೊಂಡು, ತುರಿಕೆ ಯಾವ ದಿನ, ಮೈಯ ಯಾವ ಭಾಗದಲ್ಲಿ ಎದ್ದಿತು, ಅದಕ್ಕೆ ಹಿಂದಿನ ಮೂರು ದಿನ ಏನು ಮುಟ್ಟಿದೆ, ಏನು ಹಚ್ಚಿದೆ, ರಜೆಯಲ್ಲಿ ಇಳಿಯಿತೇ, ಕೆಲಸಕ್ಕೆ ಮರಳಿದಾಗ ಏರಿತೇ ಎಂಬುದನ್ನು ಬರೆಯಲಿ. ಓದುಬರಹ ತಿಳಿಯದವರಿಗೆ ಮನೆಯ ಮಕ್ಕಳು ಬರೆದುಕೊಡಲಿ. ಅಂಥ ಎರಡು ಪುಟಗಳು ವೈದ್ಯನಿಗೆ ಹತ್ತು ಟ್ಯೂಬುಗಳಿಗಿಂತ ಹೆಚ್ಚು ಉಪಯುಕ್ತವಾಗುತ್ತವೆ.

ಬೆವರು ಸುರಿಸುವವರ ಮೈಯ ಮೇಲೆಯೇ ಈ ನಾಡು ನಿಂತಿದೆ. ಆ ಮೈಯು ಕೆಂಪಾಗಿ, ಗುಳ್ಳೆಯೆದ್ದು, ಸೀಳಿ, ತನಗೆ ತಿಳಿದ ಭಾಷೆಯಲ್ಲಿ ದೂರು ಕೊಡುತ್ತಿದೆ. ದೂರನ್ನು ಮುಲಾಮಿನಿಂದ ಮುಚ್ಚುವುದು ಸುಲಭ. ವಿಚಾರಣೆ ನಡೆಸಿ ಅಪರಾಧಿಯನ್ನು ಹಿಡಿಯುವುದು ಧರ್ಮ. ಆಳುವವರೂ ವೈದ್ಯರೂ ಧಣಿಗಳೂ ಆ ವಿಚಾರಣೆಗೆ ಇನ್ನು ತಡಮಾಡಲಾರರೆಂದು ನಾವು ಆಶಿಸುತ್ತೇವೆ.